ಪ್ರಲ್ಹಾದ ಮಾಸ್ತರರ ಚಪ್ಪಟೆ ಹುಳಗಳು

“ಕೇಳು ಇಂದೂ! ಈ ದೀಪಾವಳಿ ಸೂಟಿ ಮುಗಿಯೋದರೊಳಗ ಬಾಲಕ್ಕ ತಲಿ ಬರಸಲಿಲ್ಲ ಅಂದ್ರ, ನಾನು ಹುಯಿಲಗೋಳ ಮನಿತನದ ಮಗನ ಅಲ್ಲ!”

ಒಲೆಯ ಮುಂದೆ ಚಕ್ಕುಲಿ ಕರಿಯುತ್ತಿದ್ದ ಇಂದೂಬಾಯಿ ಗಂಡನ ಕಡೆ ತಿರುಗಿ ನೋಡಲಿಲ್ಲ. “ಯಾರ ಬಾಲಕ್ಕರಿ?” ಎಂದರು.

“ಹುಳದ ಬಾಲಕ್ಕ!”

“ಹಂಗೇನು? ನಾನು ಎಲ್ಲೆ ನಿಮ್ಮ ಪ್ರಾಚಾರ್ಯರದೋ ಅಂತ ಅಂಜಿದ್ದೆ.”

ಇಂದೂಬಾಯಿಯವರ ಅಂಜಿಕೆಗೆ ಕಾರಣವಿತ್ತು. ಪ್ರಲ್ಹಾದ ಹುಯಿಲಗೋಳ ಮಾಸ್ತರರು ಧಾರವಾಡದಲ್ಲಿ ಎಂ.ಎಸ್‌ಸಿ. ಮುಗಿಸಿ ಪುಣೆಗೆ ಬಂದು, ಸ್ವಾರಗೇಟ್ ಹತ್ತಿರದ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಅಲ್ಲಿ ಅವರಿಗೊಂದು ಪ್ರಯೋಗಶಾಲೆಯೂ ಇತ್ತು. ಅದರೊಳಗೆ ಎಡಗೈ ಕಳೆದುಕೊಂಡ ಒಂದು ಅಸ್ಥಿಪಂಜರ ಮತ್ತು ಬಾಟಲಿಯಲ್ಲಿ ಬಣ್ಣಗೆಟ್ಟ ಒಂದು ಕಪ್ಪೆ ವಾಸವಾಗಿದ್ದವು. ೧೯೭೯ರ ದೀಪಾವಳಿ ರಜೆಯ ಮುಂಚೆ ಪ್ರಾಚಾರ್ಯ ಬಾಳಕೃಷ್ಣಪಂತರು ಮಾಸ್ತರರನ್ನು ಕರೆದು, ಅಚ್ಚ ಪುಣೇರಿ ಮರಾಠಿಯಲ್ಲಿ, ಅಷ್ಟೇ ಅಚ್ಚ ಪುಣೇರಿ ವಿನಯದಲ್ಲಿ ಹೇಳಿದ್ದರು:

“ಹುಯಿಲಗೋಳ ಸರ್, ನಿಮ್ಮ ಖೋಲಿಗೆ ಸದಾ ಬೀಗವೇ ಇರುತ್ತದೆ. ಟೈಪಿಂಗ್ ವರ್ಗಕ್ಕೆ ಜಾಗವಿಲ್ಲ. ರಜೆ ಮುಗಿದ ಮೇಲೆ ಇನ್‌ಸ್ಪೆಕ್ಷನ್ ಕಮಿಟಿ ಬರುತ್ತದೆ. ಅವರ ಕಣ್ಣಿಗೆ ಒಳಗೆ ಜೀವಂತವಾದದ್ದು ಏನಾದರೂ ಕಂಡರೆ ಖೋಲಿ ನಿಮ್ಮದು. ಇಲ್ಲದಿದ್ದರೆ ಅಲ್ಲಿ ಟೈಪ್‌ರೈಟರ್ ಇಡೋಣ. ಅವು ಸದ್ದಾದರೂ ಮಾಡುತ್ತವೆ.”

ಮಾಸ್ತರರ ರಕ್ತ ಕುದಿಯಿತು! ಟೈಪ್‌ರೈಟರ್? ಜೀವಶಾಸ್ತ್ರದ ಗರ್ಭಗುಡಿಯಲ್ಲಿ? ಸ್ಟಾಫ್‌ರೂಮಿನ ಮೇಜು ಗುದ್ದಿ ಅವರು ಘೋಷಿಸಿಯೇಬಿಟ್ಟರು: ಪುಣೆಯ ಯಾವ ಕಾಲೇಜೂ ತೋರಿಸದ ಅದ್ಭುತವನ್ನು ತಾವು ತೋರಿಸುವುದಾಗಿ.

ಆ ಅದ್ಭುತ ಉಗುರಿನಷ್ಟು ಉದ್ದವಿತ್ತು. ಬಿಬವೇವಾಡಿಯಲ್ಲಿ ಅವರ ಬಾಡಿಗೆ ಮನೆಯ ಹಿಂದೆ, ಹೊಲಗಳ ಅಂಚಿಗೆ ಹರಿಯುವ ಹಳ್ಳದಲ್ಲಿ, ಕಲ್ಲುಗಳ ಅಡಿಗೆ ಅಂಟಿಕೊಂಡು ಮಲಗುವ ಕಂದುಬಣ್ಣದ ಚಪ್ಪಟೆ ಹುಳ. ಬೆಳಕು ಕಂಡರೆ ಅದಕ್ಕಾಗದು. ತ್ರಿಕೋನಾಕಾರದ ತಲೆ, ಅದರ ಮೇಲೆ ಎರಡು ಮೆಳ್ಳೆಗಣ್ಣು. ನೋಡಿದವರಿಗೆ ಇದೇನೋ ನಮ್ಮ ಮೇಲೆ ಸಂಶಯಪಡುತ್ತಿದೆ ಅನ್ನಿಸಬೇಕು, ಅಂಥ ನೋಟ. ಆದರೆ ಅದನ್ನು ಮೂರು ತುಂಡು ಮಾಡಿದರೆ ಮೂರೂ ತುಂಡು ಪೂರ್ತಿ ಹುಳವಾಗಿ ಬೆಳೆಯುತ್ತವೆ. ಹೇಗೆ ಎಂದು ಮಾಸ್ತರರು ಹನ್ನೊಂದನೆಯ ವರ್ಗಕ್ಕೆ ವಿವರಿಸಿದ್ದರು: “ಮದುವೆಮನೆಯಲ್ಲಿ ಒಬ್ಬ ಚಿಕ್ಕಮ್ಮ ಇರುತ್ತಾರಲ್ಲ, ಇಂಥದೇ ಕೆಲಸ ಅಂತ ಯಾರೂ ಹಚ್ಚಿರುವುದಿಲ್ಲ. ಅಡುಗೆಯವನು ಓಡಿಹೋದರೆ ಅಡುಗೆ ಮಾಡುತ್ತಾರೆ, ಹಾಡುವವರು ಇಲ್ಲದಿದ್ದರೆ ಹಾಡುತ್ತಾರೆ. ಈ ಹುಳದ ಮೈತುಂಬ ಅಂಥ ಚಿಕ್ಕಮ್ಮಂದಿರಿದ್ದಾರೆ. ಅವೇ ಮೂಲಕೋಶಗಳು. ತಲೆ ಹೋದರೆ ಅವೇ ತಲೆಯಾಗುತ್ತವೆ, ಬಾಲ ಹೋದರೆ ಅವೇ ಬಾಲ!” ವರ್ಗ ಚಪ್ಪಾಳೆ ತಟ್ಟಿತ್ತು. ಹುಳವನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಕಾಲೇಜಿನ ನಳದ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ. ಅದರಲ್ಲಿ ಈ ಹುಳ ಬದುಕದು. ಮನೆಯಲ್ಲಿ ಮಾಲೀಕರ ಬಾವಿ ಇತ್ತು. ಹೀಗಾಗಿ ಪ್ರಯೋಗಶಾಲೆ ಅಡುಗೆಮನೆಗೆ ಬಂತು. ಮದುವೆಯಲ್ಲಿ ಉಡುಗೊರೆ ಬಂದಿದ್ದ ಗಾಜಿನ ಬಟ್ಟಲುಗಳು ಕಪಾಟಿನಿಂದ ಇಳಿದವು. ಕಮಿಟಿಯವರಿಗೆ ತಿಳಿಯಲೆಂದು ಮಾಸ್ತರರು ಮರಾಠಿಯಲ್ಲೇ ಚೀಟಿ ಅಂಟಿಸಿದರು: ‘ಡೋಕೆ’, ‘ಮಧ್ಯ’, ‘ಶೇಪೂಟ’, ಅಂದರೆ ತಲೆ, ನಡು, ಬಾಲ. ಆಮೇಲೆ ಹಳ್ಳದಿಂದ ಹಿಡಿದು ತಂದ ಹತ್ತಿಪ್ಪತ್ತು ಹುಳಗಳನ್ನು ಮುಂದಿಟ್ಟುಕೊಂಡು, ಗಡ್ಡದ ಹೊಸ ಬ್ಲೇಡು ಬಿಚ್ಚಿ, ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು ಕೂತರು.

ಅದೇ ಹೊತ್ತಿಗೆ ಬಾಗಿಲಲ್ಲಿ ಅವರ ತಾಯಿ ಗಂಗೂಬಾಯಿ ಬಂದು ನಿಂತರು. ಹಬ್ಬಕ್ಕೆಂದು ಧಾರವಾಡದಿಂದ ಹಿಂದಿನ ದಿನವಷ್ಟೇ ಬಂದಿದ್ದರು.

“ಹಬ್ಬದ ಹೊತ್ತಿನ್ಯಾಗ ಜೀವಕ್ಕ ಬ್ಲೇಡ್ ಹಚ್ಚತೀಯೇನೋ ಪ್ರಲ್ಹಾದಾ?”

“ಅವ್ವಾ, ಇದು ಸಾಯೂದಿಲ್ಲ! ಒಂದು ಇದ್ದದ್ದು ಮೂರು ಆಗ್ತದ. ತಲಿಗೆ ಬಾಲ ಬರ್ತದ, ಬಾಲಕ್ಕ ತಲಿ ಬರ್ತದ, ನಡುವಿನದಕ್ಕ ಎರಡೂ ಬರ್ತಾವ!”

“ತಲಿ ಬರಲಿಕ್ಕೆ ಎಷ್ಟು ದಿನ ಬೇಕು?”

“ಹತ್ತು-ಹದಿನೈದು ದಿನ ಅಷ್ಟ.”

“ಹುಳಾ ಶಾಣ್ಯಾ ಅದ ಬಿಡು. ನಿನಗ ಮೂವತ್ತು ವರ್ಷ ಹಿಡೀತು.”

ಇಂದೂಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದರು.

ತುಂಡುಗಳು ಆಯಾ ಬಟ್ಟಲು ಸೇರಿದ ಕ್ಷಣದಿಂದ ಮನೆಯಲ್ಲಿ ಮಾಸ್ತರರ ಆಳ್ವಿಕೆ ಆರಂಭವಾಯಿತು. ಆ ಮೂಲೆಯಲ್ಲಿ ದೀಪ ಹಚ್ಚಬಾರದು. ಸಾಬೂನಿನ ಕೈ ಅತ್ತ ಸುಳಿಯಬಾರದು. ಜೋರಾಗಿ ಕುಟ್ಟಬಾರದು. ಶೇಂಗಾ ಚಟ್ನಿ ಕುಟ್ಟಬೇಕಾದರೆ ಅಂಗಳಕ್ಕೆ ಹೋಗಬೇಕು. “ನಮ್ಮ ಮನಿಯೊಳಗ ಯಾರಾದರೂ ಬಾಣಂತಿ ಇದ್ದರೂ ಇಷ್ಟು ಪಥ್ಯ ಆಗ್ತಿದ್ದಿಲ್ಲ,” ಎಂದು ಗಂಗೂಬಾಯಿ ಅಂಗಳದಲ್ಲಿ ಕುಟ್ಟುತ್ತ ಹೇಳಿದರು.

ಹೀಗಿರುವಾಗ ನೀರು ತುಂಬುವ ಹಬ್ಬ ಬಂತು.

ಪುಣೆಯ ನೆರೆಯವರಿಗೆ ಅಂದು ಧನತ್ರಯೋದಶಿ. ಆದರೆ ಗಂಗೂಬಾಯಿ ಎಲ್ಲಿರುತ್ತಾರೋ ಅಲ್ಲಿ ಅದು ನೀರು ತುಂಬುವ ಹಬ್ಬವೇ. ಮನೆಯ ಪಾತ್ರೆ ಪಡಗವೆಲ್ಲ ಹುಣಸೆಹಣ್ಣು ಹಚ್ಚಿಸಿಕೊಂಡು ಹೊಳೆಯಬೇಕು, ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿಯಬೇಕು, ಸಂಜೆಯೊಳಗೆ ಎಲ್ಲಕ್ಕೂ ಹೊಸ ನೀರು ತುಂಬಬೇಕು. ಗಂಗೂಬಾಯಿ ಒಂದೊಂದೇ ಪಾತ್ರೆ ಬರಿದು ಮಾಡುತ್ತ ಬಂದು, ಕೊನೆಗೆ ಕತ್ತಲ ಮೂಲೆಯ ಗಾಜಿನ ಬಟ್ಟಲುಗಳ ಮುಂದೆ ನಿಂತರು.

“ಅವ್ವಾ! ಕೈ ಹಿಂದಕ್ಕ ತಗೀ!”

“ಹಳೇ ನೀರು ಇವತ್ತ ಒಂದು ಹನಿ ಮನ್ಯಾಗ ಉಳೀಬಾರದು.”

“ಅದು ನೀರಲ್ಲವ್ವಾ, ನನ್ನ ಪ್ರಯೋಗಶಾಲಿ!”

“ಒಳಗ ಇದ್ದದ್ದು ಏನು?”

“... ನೀರು.”

“ಮತ್ತ?”

ತಾಯಿಗೂ ವಿಜ್ಞಾನಕ್ಕೂ ಯುದ್ಧ ನಡೆಯುವ ಲಕ್ಷಣ ಕಂಡಿತು. ಆಗ ಮಾಸ್ತರರ ತಲೆಯಲ್ಲಿ ಮಿಂಚು ಹೊಳೆಯಿತು. ಪೂರ್ವ ಪಶ್ಚಿಮಗಳನ್ನು ಬೆಸೆಯುವ ಮಹಾಸಂಧಾನ! ಹೇಗೂ ತುಂಡುಗಳ ನೀರು ಬದಲಿಸುವ ದಿನ ಬಂದಿತ್ತು. ಎದುರಿಗೆ ಹುಣಸೆಹಣ್ಣಿನಿಂದ ತಿಕ್ಕಿ ಬೋರಲು ಹಾಕಿದ ಮೂರು ತಾಮ್ರದ ತಂಬಿಗೆಗಳು ಬಂಗಾರದಂತೆ ಝಗಝಗಿಸುತ್ತಿದ್ದವು.

“ಸೈ! ಹುಳಕ್ಕೂ ಹಬ್ಬ ಆಗಲಿ. ಹಳೇ ನೀರು ಹೊರಗ, ಹೊಸ ನೀರು ಒಳಗ. ಇಂದೂ, ಈ ತಂಬಿಗಿಯೊಳಗ ಬಾವಿ ನೀರು ತುಂಬಿ ಅದರಾಗ ಬಿಡು.”

ಇಂದೂಬಾಯಿ ತಂಬಿಗೆ ತಿರುಗಿಸಿ ಮುರುಗಿಸಿ ನೋಡಿದರು. “ತಾಮ್ರ ನಡೀತದೇನ್ರಿ?”

“ನಡೀತದೇನು? ತಾಮ್ರದ ನೀರಿನಷ್ಟು ಶುದ್ಧ ನೀರು ಲೋಕದಾಗ ಇಲ್ಲ! ನಮ್ಮ ಹಿರ್ಯಾರಿಗೆ ಗೊತ್ತಿತ್ತು, ವಿಜ್ಞಾನಕ್ಕ ಈಗ ಗೊತ್ತಾಗಲಿಕ್ಕತ್ತದ. ತಾಮ್ರದಾಗ ಒಂದ ಒಂದು ಕ್ರಿಮಿ ಬದುಕೂದಿಲ್ಲ!”

“ಕ್ರಿಮಿ ಬದುಕೂದಿಲ್ಲ ಅಂದ್ರ, ಹುಳಾ...”

“ಅದು ಬ್ಯಾರೆ, ಇದು ಬ್ಯಾರೆ! ನೀ ಬರೇ ಸೋಸಿ ಹಾಕು. ಉಳಿದದ್ದು ನನಗ ಬಿಡು.”

ಹೀಗೆ ಹೇಳಿ ಮಾಸ್ತರರು ಆಕಾಶಬುಟ್ಟಿ ಕಟ್ಟಲು ಏಣಿ ಹತ್ತಿದರು. ಗಂಗೂಬಾಯಿ ಮಗನ ಕಡೆ ಮೊದಲ ಸಲ ಮೆಚ್ಚಿಗೆಯಿಂದ ನೋಡಿದರು. ಏಣಿಯ ಮೇಲೆ ಮಾಸ್ತರರಿಗೆ ತಮ್ಮ ಎತ್ತರ ಇನ್ನೂ ನಾಲ್ಕು ಮೆಟ್ಟಿಲು ಹೆಚ್ಚಿದಂತೆನ್ನಿಸಿತು.

ಮರುದಿನ ನರಕ ಚತುರ್ದಶಿ. ಎಣ್ಣೆ ನೀರು ಮುಗಿಸಿ, ಹೊಸ ಧೋತರ ಉಟ್ಟು, ನೆತ್ತಿಯ ಮೇಲೆ ಇನ್ನೂ ಸೀಗೆಕಾಯಿಯ ವಾಸನೆ ಇರುವಾಗಲೇ ಮಾಸ್ತರರು ಭೂತಗನ್ನಡಿ ಹಿಡಿದು ಮೊದಲ ತಂಬಿಗೆಯೊಳಗೆ ಇಣುಕಿದರು. ಎರಡನೆಯದರಲ್ಲಿ ಇಣುಕಿದರು. ಮೂರನೆಯದನ್ನು ಬಾಗಿಲ ಬೆಳಕಿಗೆ ತಂದು ಇಣುಕಿದರು.

ಡೋಕೆ ಇಲ್ಲ, ಮಧ್ಯ ಇಲ್ಲ, ಶೇಪೂಟ ಇಲ್ಲ. ಮೂರರ ತಳದಲ್ಲೂ ಬೂದುಬಣ್ಣದ ಒಂದಿಷ್ಟು ಲೋಳೆ.

ಆಗ ಅವರಿಗೆ ನೆನಪಾಯಿತು. ಬಾವಿಯ ಪಾಚಿ, ಕೆರೆಯ ಬಸವನಹುಳ, ಇಂಥವನ್ನೆಲ್ಲ ಕೊಲ್ಲಲು ಮೈಲುತುತ್ತ ಹಾಕುತ್ತಾರೆ. ಮೈಲುತುತ್ತವೆಂದರೆ ತಾಮ್ರವೇ. ನೀರಿನ ಸಣ್ಣ ಜೀವಿಗಳಿಗೆ ತಾಮ್ರ ವಿಷ. ಯಾಕೆ ನೆನಪಾಯಿತೆಂದರೆ, ಪ್ರತಿ ವರ್ಷದ ಪರೀಕ್ಷೆಯಲ್ಲೂ ಆ ಪ್ರಶ್ನೆಯನ್ನು ಕೇಳುತ್ತಿದ್ದವರು ಅವರೇ! ಬರೆಯದ ಹುಡುಗರಿಗೆ ಸೊನ್ನೆ ಕೊಡುತ್ತಿದ್ದವರೂ ಅವರೇ!

“ಏನಾತೋ?” ಎಂದರು ಗಂಗೂಬಾಯಿ.

“ತಾಮ್ರ ಕೊಂದುಬಿಡ್ತವ್ವಾ.”

“ಗಂಗಾಜಲಾನೂ ತಾಮ್ರದಾಗ ಇಡ್ತಾರಲ್ಲೋ, ಅದಕ್ಕೇನಾಗೇದ?”

“ಗಂಗಾಜಲಕ್ಕ ತಲಿ ಬರಬೇಕಾಗಿಲ್ಲವ್ವಾ!”

ಉಪ್ಪಿಟ್ಟು ಅವಲಕ್ಕಿ ಯಾವುದನ್ನೂ ಮುಟ್ಟದೆ ಮಾಸ್ತರರು ಹೊಸ ಧೋತರ ಮೇಲಕ್ಕೆ ಕಟ್ಟಿ ಹಳ್ಳಕ್ಕೆ ಓಡಿದರು. ಕಲ್ಲು ಎತ್ತಿ ನೋಡುವುದು, ಇಡುವುದು, ಮತ್ತೊಂದು ಎತ್ತುವುದು. ಹಬ್ಬದ ದಿನ ಒಬ್ಬ ಮಾಸ್ತರ ಮೊಣಕಾಲುಮಟ ನೀರಿನಲ್ಲಿ ನಿಂತು ಕಲ್ಲು ಮಗುಚುತ್ತಿದ್ದರೆ ಪುಣೆಯಲ್ಲೂ ಜನ ನಿಲ್ಲುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹಾಲಿನವನು ಸೈಕಲ್ಲಿನಿಂದ ಇಳಿದು ಕೇಳಿದ: “ಕಾಯ್ ಹರವಲಂ, ಗುರುಜಿ?”

ಏನು ಕಳೆಯಿತು ಎಂದು ಕೇಳಿದ್ದಕ್ಕೆ ಮಾಸ್ತರರು ಇನ್ನೊಂದು ಕಲ್ಲು ಎತ್ತಿದರು. ಅಷ್ಟರಲ್ಲಿ ದಂಡೆಯ ಆಚೆ, ಕಟ್ಟುತ್ತಿದ್ದ ದೊಡ್ಡ ಮನೆಯ ಪಕ್ಕದ ಗುಡಿಸಲುಗಳಿಂದ ಕಲ್ಲವ್ವ ಬಂದಳು. ಯಾದಗಿರಿ ಕಡೆಯವಳು, ಗಾರೆ ಕೆಲಸದವಳು. ಮಾಸ್ತರರು ತಮ್ಮೊಳಗೆ ಗೊಣಗುತ್ತಿದ್ದ ಕನ್ನಡ ಅವಳ ಕಿವಿಗೆ ಬಿದ್ದಿತ್ತು.

“ಏನ್ ಕಳಕೊಂಡೀರಿ ಸಾಹೇಬ್ರ? ಉಂಗುರೇನು?”

ಮಾಸ್ತರರು ಸುಮ್ಮನಿದ್ದರು. ಸುಮ್ಮನಿದ್ದದ್ದೇ ತಪ್ಪಾಯಿತು.

“ಏ ಗೂಳಪ್ಪಾ, ಬಾ ಇಲ್ಲಿ! ನಮ್ಮೂರ ಕಡೀ ಸಾಹೇಬ್ರು, ಬಂಗಾರದ ಉಂಗುರ ಕಳಕೊಂಡಾರ. ಎಲ್ಲಾರ್ನೂ ಕರಿ!”

ಗೂಳಪ್ಪ ಅವಳ ತಮ್ಮ. ಅವನ ಕೂಗಿಗೆ ಗುಡಿಸಲುಗಳೇ ಹಳ್ಳಕ್ಕಿಳಿದವು. ಹಾಲಿನವನೂ ಇಳಿದ. ಕನ್ನಡಿಗರು ಒಂದು ದಂಡೆಯಿಂದ, ಮರಾಠಿಗರು ಇನ್ನೊಂದು ದಂಡೆಯಿಂದ, ಎಲ್ಲರೂ ಅಪಾರ ಪ್ರೀತಿಯಿಂದ ಕಲ್ಲು ಮಗುಚತೊಡಗಿದರು. ತಿಳಿನೀರು ಕೆಸರಾಯಿತು. ಕೆಸರು ರಾಡಿಯಾಯಿತು.

“ಸಾಕು, ಸಾಕು ನಿಲ್ಲಿಸ್ರಿ! ಉಂಗುರ ಅಲ್ಲ! ಹುಳಾ! ನಾನು ಹುಳಾ ಹುಡಕಲಿಕ್ಕತ್ತೇನಿ!”

ಕಲ್ಲವ್ವ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟಳು.

“ಹುಳಾನಾ? ಏ ಗೂಳಪ್ಪಾ, ಸಾಹೇಬ್ರನ್ನ ನೆರಳಿಗೆ ಕರ್ಕೊಂಡು ಹೋಗಿ ಕುಂದರ್ಸು. ಬಿಸಲು ಬಡದದ.”

ರಾಡಿಯಲ್ಲಿ ಒಂದು ಹುಳವೂ ಸಿಗಲಿಲ್ಲ. ಸಿಕ್ಕಿದ್ದು ನೆಗಡಿ. ಮೂಗೊರೆಸಿಕೊಳ್ಳುತ್ತ ಮಾಸ್ತರರು ಹಬ್ಬ ಕಳೆದರು. ಲಕ್ಷ್ಮೀಪೂಜೆಯ ಘಂಟೆ ಬಾರಿಸಿದರೆ ಅವರಿಗೆ ಟೈಪ್‌ರೈಟರಿನ ಘಂಟೆ ಕೇಳಿಸಿತು. ಕರ್ಜಿಕಾಯಿಯನ್ನು ಗುಳಿಗೆಯಂತೆ ನುಂಗಿದರು. ಇಂದೂಬಾಯಿ ಎರಡು ಮೂರು ಸಲ ಏನೋ ಹೇಳಲು ಬಾಯಿ ತೆರೆದರು. ಗಂಗೂಬಾಯಿ ಪಕ್ಕದಲ್ಲೇ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಇಂದೂಬಾಯಿ ಬಾಯಿ ಮುಚ್ಚಿಕೊಂಡರು.

ಭಾವುಬೀಜದ ದಿನ ಗಂಗೂಬಾಯಿ ತಮ್ಮನಿಗೆ ಆರತಿ ಎತ್ತಲು ಶಿರೂರಿನ ಬಸ್ಸು ಹತ್ತಿದರು. ಬಸ್ಸು ಸರಿಯಾಗಿ ತಿರುವು ದಾಟಿತೋ ಇಲ್ಲವೋ, ಮನೆಗೆ ಬಂದ ಇಂದೂಬಾಯಿ ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಮುಚ್ಚಳ ಒಡೆದ ಒಂದು ಚೀನೀಮಣ್ಣಿನ ಬರಣಿ ಎಳೆದು ತಂದು ಗಂಡನ ಮುಂದಿಟ್ಟರು. ಬಾಯಿಗೆ ತೆಳುಬಟ್ಟೆ ಕಟ್ಟಿತ್ತು.

“ಸಿಟ್ಟಿಗೇಳಬ್ಯಾಡ್ರಿ ಮತ್ತ.”

ಮಾಸ್ತರರು ಬಟ್ಟೆ ಬಿಚ್ಚಿ ನೋಡಿದರು. ಭೂತಗನ್ನಡಿ ತಂದು ನೋಡಿದರು. ತುಂಡುಗಳು! ಜೀವಂತ! ಒಂದೊಂದರ ಕೊಯ್ದ ತುದಿಗೂ ಬೆಳ್ಳನೆಯ ಮೊಗ್ಗು. ಒಂದು ಮೊಗ್ಗಿನ ಮೇಲೆ, ಮಸಿಯ ಚುಕ್ಕೆಯಂತೆ, ಎರಡು ಮೆಳ್ಳೆಗಣ್ಣು ಮೂಡುತ್ತಿದ್ದವು. ಬಾಲ ಅವರನ್ನು ನೋಡುತ್ತಿತ್ತು!

“ಇವು ಎಲ್ಲಿಂದ ಬಂದ್ವು ಇಂದೂ?”

“ನಿಮ್ಮ ಗಾಜಿನ ಬಟ್ಟಲದಿಂದನ. ತಂಬಿಗ್ಯಾಗ ಹಾಕೋ ಮುಂದ ಒಂದೊಂದರಾಗಿಂದ ಒಂದೊಂದು ಚಮಚಾ ತಗದಿಟ್ಟೆ. ಹೆಪ್ಪಿಗೆ.”

“ಹೆಪ್ಪಿಗೆ?”

“ಇದ್ದಷ್ಟೂ ಮೊಸರು ಕಡದು ಮಜ್ಜಿಗಿ ಮಾಡಿಬಿಟ್ರ ನಾಳಿಗೆ ಹೆಪ್ಪು ಹಾಕಲಿಕ್ಕೆ ಎಲ್ಲಿಂದ ತರೂದ್ರಿ? ನಮ್ಮವ್ವ ಹೇಳತಿದ್ದಳು, ಗಂಡಸರು ಎಷ್ಟ ಶಾಣ್ಯಾತನದ ಮಾತು ಆಡಿದ್ರೂ ಒಂದು ಚಮಚಾ ತಗದಿಡಬೇಕು ಅಂತ.”

“ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ? ನಾನು ಹಳ್ಳದಾಗ ಬಿದ್ದು ಬಂದೆ!”

“ಹಳೇ ನೀರು ಮನ್ಯಾಗ ಇಟ್ಟೀನಿ ಅಂತ ಅತ್ತೆಯವರಿಗೆ ಗೊತ್ತಾದ್ರ? ಅವರು ಮುಂದನ ಕೂತಿರತಿದ್ರು. ನಿಮ್ಮ ಮಾರಿ ನೋಡಿದಾಗೊಮ್ಮೆ ಹೇಳೇ ಬಿಡಬೇಕು ಅನಸ್ತಿತ್ತು.”

ಮಾಸ್ತರರು ಹೆಂಡತಿಯ ಕೈ ಹಿಡಿದುಕೊಂಡರು. ಹಿಟ್ಟಿನ ಕೈ. ನಂತರ ಈ ಕೈಗೆ ಸಾಬೂನು ಹತ್ತಿದ್ದರೆ ಬರಣಿಯ ಗತಿಯೇನೆಂದು ನೆನೆದು ಗಾಬರಿಯಿಂದ ಬಿಟ್ಟರು.

ರಜೆ ಮುಗಿಯಿತು. ಕಮಿಟಿ ಬಂತು. ಪ್ರಯೋಗಶಾಲೆಯ ಮೇಜಿನ ಮೇಲೆ ಮತ್ತೆ ಮೂರು ಗಾಜಿನ ಬಟ್ಟಲು, ಮೂರು ಚೀಟಿ. ಗೋಡೆಗೆ ಒತ್ತಿ ಹನ್ನೊಂದನೆಯ ವರ್ಗ ನಿಂತಿತ್ತು. ಕಮಿಟಿಯ ಮುಖ್ಯಸ್ಥೆ ನರ್ಮದಾಬಾಯಿ, ಒಂಬತ್ತು ಗಜದ ನೌವಾರಿ ಸೀರೆ ಉಟ್ಟ, ಮಾತು ಕಡಿಮೆಯ ಹೆಂಗಸು. ಅವರ ಜೊತೆ ದಪ್ಪ ಕನ್ನಡಕದ ಒಬ್ಬ ಸದಸ್ಯರು. ಹಿಂದೆ ಕೈ ಕಟ್ಟಿ ಬಾಳಕೃಷ್ಣಪಂತರು. ಅವರ ಕಣ್ಣು ಆಗಲೇ ಗೋಡೆಯಿಂದ ಗೋಡೆಗೆ ಟೈಪ್‌ರೈಟರುಗಳನ್ನು ಜೋಡಿಸುತ್ತಿತ್ತು.

ಮಾಸ್ತರರು ಮರಾಠಿಯಲ್ಲಿ ಭೋರ್ಗರೆದರು. ಮೂಲಕೋಶ, ಮದುವೆಮನೆ, ಚಿಕ್ಕಮ್ಮ, ಎಲ್ಲ ಬಂತು. ನರ್ಮದಾಬಾಯಿ ಒಂದೊಂದೇ ಬಟ್ಟಲಿನ ಮೇಲೆ ಬಾಗಿ ನೋಡಿದರು.

“ತಲೆಯ ಬಟ್ಟಲಿನಲ್ಲಿ ಹುಳ ಇದೆ. ಬಾಲದ ಬಟ್ಟಲಿನಲ್ಲೂ ಅಂಥದೇ ಹುಳ ಇದೆ.”

“ಅದೇ ನೋಡಿ ವಿಸ್ಮಯ!”

“ಮಧ್ಯದ್ದರಲ್ಲೂ ಅದೇ ಇದೆ.”

“ಅದೇ, ಅದೇ!”

“ವಿಸ್ಮಯ ಎಲ್ಲಿದೆ? ಮೂರು ಬಟ್ಟಲು, ಒಂದೇ ತರಹದ ಮರಿಹುಳ. ಇವನ್ನು ಯಾವಾಗಲೋ ಕೊಯ್ದಿದ್ದರು ಅನ್ನುವುದಕ್ಕೆ ಏನು ಗುರುತು?”

ಈ ಸಂಕಟ ಮಾಸ್ತರರಿಗೆ ಹೊಳೆದೇ ಇರಲಿಲ್ಲ. ಹುಳಗಳು ಎಷ್ಟು ಚೆನ್ನಾಗಿ ಬೆಳೆದಿದ್ದವೆಂದರೆ ಪ್ರಯೋಗ ಮಾಡಿದ್ದೇ ಸುಳ್ಳಾಗಿತ್ತು!

“ಹೊಸದಾಗಿ ಬೆಳೆದ ಭಾಗ... ಸ್ವಲ್ಪ ಬಿಳಿಚಿದೆ ನೋಡಿ.”

ದಪ್ಪ ಕನ್ನಡಕದವರು ಬಾಗಿದರು. “ನನಗೆ ಇಡೀ ಹುಳವೇ ಬಿಳಿಚಿ ಕಾಣುತ್ತದೆ. ನೀವೂ ಸ್ವಲ್ಪ ಹಾಗೇ ಕಾಣುತ್ತೀರಿ.”

ಬಾಳಕೃಷ್ಣಪಂತರು ಕೆಮ್ಮಿದರು. ಗೋಡೆಯ ಹುಡುಗರು ತಲೆ ತಗ್ಗಿಸಿದರು.

“ಅರ್ಧ ಬೆಳೆದಾಗ ಇವನ್ನು ಕಂಡವರು ಯಾರಾದರೂ ಇದ್ದಾರೆಯೇ?” ನರ್ಮದಾಬಾಯಿ ಕೇಳಿದರು.

ಇನ್ನು ಮುಚ್ಚಿಟ್ಟು ಫಲವಿಲ್ಲ. ಖೋಲಿ ಹೋಗುವುದಾದರೆ ನಿಜ ಹೇಳಿಯೇ ಹೋಗಲಿ ಎಂದು ಮಾಸ್ತರರು ಎಲ್ಲ ಬಿಚ್ಚಿಟ್ಟರು. ನೀರಿನ ಹಬ್ಬ, ತಾಮ್ರ, ಲೋಳೆ, ಹಳ್ಳ. ಕನ್ನಡಕದವರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ನರ್ಮದಾಬಾಯಿ ಮಾತ್ರ ನಗಲಿಲ್ಲ. ಬರಣಿಯ ಮಾತು ಬಂದಾಗ ಅವರ ಮುಖ ಒಮ್ಮೆಲೇ ಅರಳಿತು.

“ವಿರಜಣ! ವಹಿನಿ ವಿರಜಣಕ್ಕೆ ತೆಗೆದಿಟ್ಟರು!”

ಹೆಪ್ಪಿಗೆ ಮರಾಠಿಯಲ್ಲಿ ವಿರಜಣವೆಂದೇ ಹೆಸರು, ಅತ್ತಿಗೆಗೆ ವಹಿನಿ. ಅವರು ಪ್ರಾಚಾರ್ಯರ ಕಡೆ ತಿರುಗಿದರು. “ಸುಳ್ಳು ಹೇಳುವವನು ಇಷ್ಟು ದಡ್ಡನಾಗಿ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಕೊಡಿ ಬ್ಲೇಡು.”

ಎಲ್ಲರೂ ನೋಡುತ್ತಿದ್ದಂತೆ ಅವರೇ ಬಾಲದ ಬಟ್ಟಲಿನ ಒಂದು ಹುಳವನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸೊಪ್ಪು ಹೆಚ್ಚುವವರ ನಿರಾಳದಲ್ಲಿ, ಟಕ್ಕೆಂದು ಎರಡು ಮಾಡಿದರು. ಹುಡುಗರು ಮೇಜಿಗೆ ಮುಗಿಬಿದ್ದರು. ಎರಡೂ ತುಂಡು ಎರಡು ದಿಕ್ಕಿಗೆ ಹರಿದುಕೊಂಡು ಹೊರಟವು.

“ಇದಕ್ಕೆ ತಲೆ ಬಂದಾಗ ನಾವು ಮತ್ತೆ ಬಂದು ನೋಡುತ್ತೇವೆ. ಖೋಲಿಯಲ್ಲಿ ಕೆಲಸ ನಡೆದಿದೆ, ಟೈಪ್‌ರೈಟರ್ ಬೇರೆಡೆ ಇಡಿ. ಆದರೆ ಈ ತುಂಡುಗಳು ಇಲ್ಲಿ ಬೇಡ, ಮಾಸ್ತರರ ಕೈಯಲ್ಲಂತೂ ಬೇಡವೇ ಬೇಡ. ವಹಿನಿಯವರ ಸುಪರ್ದಿಗೆ ಕೊಡಿ.”

ಖೋಲಿ ಉಳಿಯಿತು! ಸ್ವಾರಗೇಟಿನಿಂದ ಬಿಬವೇವಾಡಿಯವರೆಗೆ ಮ್ಯೂನಿಸಿಪಾಲಿಟಿ ಬಸ್ಸಿನಲ್ಲಿ ಮಾಸ್ತರರು ತುಂಡುಗಳ ಬಾಟಲಿಯನ್ನು ಎದೆಗೊತ್ತಿ ಹಿಡಿದು ಬಂದರು. ಮನೆ ಹತ್ತಿರವಾದಂತೆ ಒಂದು ಅಳುಕು. ಶಿರೂರಿನಿಂದ ತಾಯಿ ಹಿಂತಿರುಗಿ ದಿನಗಳಾಗಿದ್ದವು. ಬರಣಿಯ ಗುಟ್ಟು ಅವರಿಗೆ ಹೇಗೆ ಹೇಳುವುದು? ಒಳಗೆ ಕಾಲಿಟ್ಟವರೇ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು: “ಅವ್ವನ ಕಣ್ಣಿಗೆ ಬೀಳಧಂಗ ಬರಣಿ ತಾ.”

“ಬರಣಿ ಇಲ್ಲೆ ಅದ,” ಎಂಬ ಧ್ವನಿ ಅಡುಗೆಮನೆಯಿಂದ ಬಂತು.

ಗಂಗೂಬಾಯಿ ಬರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಬಾವಿಯ ನೀರಿನ ಸಣ್ಣ ಚೊಂಬು. ತಾಮ್ರದ್ದಲ್ಲ, ಸ್ಟೀಲಿನದು.

“ಅತ್ತೆಯವರ, ನಿಮಗ ಗೊತ್ತಿತ್ತೇನ್ರಿ?” ಇಂದೂಬಾಯಿ ಬಾಗಿಲಿಗೆ ಅಂಟಿಕೊಂಡರು.

“ನಾನೂ ಒಂದು ಕಾಲಕ್ಕ ಸೊಸಿ ಆಗಿದ್ದಾಕಿನ. ಹಿಟ್ಟಿನ ಡಬ್ಬಿ ಹಿಂದ ಏನಿರ್ತದ ಅಂತ ನನಗ ಗೊತ್ತಿಲ್ಲೇನು? ಊರಿಗೆ ಹೋಗೂತನಕ, ಬಂದ ಮ್ಯಾಲೂ, ನೀ ಹಿತ್ತಲಕ್ಕ ಹೋದಾಗ ನೀರು ಬದಲೀ ಮಾಡಿದಾಕಿ ಯಾರಂತ ತಿಳಿದೀ?”

“ನೀವಾ!”

“ಹಳೇ ನೀರು ಮನ್ಯಾಗ ಇರಬಾರದು ಅಂದೆ. ಹುಳಾ ಇರಬಾರದು ಅಂತ ಎಲ್ಲೆ ಅಂದೆ?”

ಅತ್ತೆ ಸೊಸೆ ಇಬ್ಬರೂ ಹೊಸ ತುಂಡುಗಳನ್ನು ಬರಣಿಗೆ ಇಳಿಸಿ ತಲೆಗೆ ತಲೆ ತಾಗಿಸಿ ಬಾಗಿದರು. “ನೋಡ್ರಿ ಅತ್ತೆಯವರ, ಇದು ಬಾಲದ್ದು.” “ಹೌದೌದು. ಕಣ್ಣು ಬರಲಿಕ್ಕೆ ಇನ್ನೂ ಟೈಮ್ ಅದ.” ಅವರ ಬೆನ್ನ ಹಿಂದೆ ನಿಂತ ಮಾಸ್ತರರು ಕತ್ತು ಚಾಚಿದರು, ತುದಿಗಾಲಲ್ಲಿ ನಿಂತರು, ಕೊನೆಗೆ ಗಂಟಲು ಸರಿಮಾಡಿಕೊಂಡು ಭೂತಗನ್ನಡಿ ಮುಂದೆ ಮಾಡಿದರು.

“ಅವ್ವಾ, ನಾನೂ ಸ್ವಲ್ಪ ನೋಡ್ಲಿ?”

ಗಂಗೂಬಾಯಿ ಭೂತಗನ್ನಡಿಯನ್ನು ಮಗನ ಕೈಯಿಂದ ತೆಗೆದುಕೊಂಡು ಸೊಸೆಗೆ ಕೊಟ್ಟರು.

“ನೀ ಕಾಲೇಜಿನ್ಯಾಗ ಹುಡುಗರಿಗೆ ಪಾಠಾ ಹೇಳಪ್ಪಾ. ಅದರಿಂದ ಯಾವ ಹುಳಾನೂ ಸಾಯೂದಿಲ್ಲ!”